ಒಂದೇ ಜಾಗದ ಎರಡು ನೆಗ್ಗು

ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿದ್ದಾಗ ಫೋನು ಬಂತು. ಆ ಸದ್ದಿನಲ್ಲಿ ದನಿ ಗುರುತು ಸಿಗದೆ "ಯಾರು, ಯಾರು" ಎಂದು ಎರಡು ಸಲ ಕೂಗಿದೆ.

"ನಿನ್ನ ಚಿಕ್ಕಮ್ಮ. ಸತ್ತಿಲ್ಲ ಇನ್ನೂ."

ಕಳಸದಲ್ಲಿ ಮಗನ ಸಂಸಾರದ ಜೊತೆ ಇರುವ, ಅಮ್ಮನ ಒಬ್ಬಳೇ ತಂಗಿ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಯಿತು; ಅಷ್ಟರಲ್ಲಿ ಅವರು ನನಗೆ ಮಾಡಿದ ಮೊದಲ ಫೋನು ಅದು. ನಾನು ಅಂಗಳ ದಾಟಿ ಗೇಟಿನ ತನಕ ಬಂದೆ.

"ಮೊಮ್ಮಗಳ ಮದುವೆ ನಿಕ್ಕಿ ಆಯ್ತು. ಅವ್ವನ ಕಾಲ್ಕಡಗ, ನಿನ್ನಜ್ಜಿದು, ನಿನ್ನತ್ರ ಇದೆಯಲ್ಲ, ಜೊತೆ. ಅದರಲ್ಲಿ ಒಂದು ಅವಳಿಗೆ ಕೊಡು."

"ಆಯ್ತು ಚಿಕ್ಕಮ್ಮ. ಅದಕ್ಕೇನಂತೆ."

"ಪೂರ್ತಿ ಕೇಳು ಮಾರಾಯ್ತಿ. ಅದು ಅವ್ವನದೇ ಆಗಿದ್ರೆ ಮಾತ್ರ. ನಿನ್ನಮ್ಮ ಕರಗಿಸಿ ಮಾಡಿಸಿದ್ದಾದ್ರೆ ನಂಗೆ ಬೇಡ, ನೀನೇ ಇಟ್ಕೋ. ನೀನು ಎಂ.ಎ. ಓದಿದವಳಲ್ವಾ, ಹಳೇದರ ವಿಷಯವೇ ಓದಿದ್ದು. ಯಾರತ್ರಾದ್ರೂ ತೋರಿಸಿ, ತಿಳ್ಕೊಂಡು ಹೇಳು."

ನಾನು ಓದಿದ್ದು ಇತಿಹಾಸ ಹೌದು. ಅದರಿಂದ ನನಗೆ ಬಂದ ವಿದ್ಯೆ ಒಂದೇ: ಯಾರು ಏನು ಹೇಳಿದರೂ, ನಾನೇ ಹೇಳಿದರೂ, ಇದು ನಿಜವಾ ಎಂದು ಕೇಳಿಕೊಳ್ಳುವುದು. ಬೆಳ್ಳಿಯನ್ನು ನೋಡಿ ವಯಸ್ಸು ಹೇಳುವುದನ್ನು ನಮಗೆ ಯಾರೂ ಕಲಿಸಲಿಲ್ಲ.

ಹಳೆಯ ಜಗಳ ಇದು. ನನ್ನ ಮದುವೆಯ ದಿನ, ಛತ್ರದ ಕೋಣೆಯಲ್ಲಿ ನನಗೆ ಸೀರೆ ಉಡಿಸುತ್ತಿದ್ದಾಗ ಚಿಕ್ಕಮ್ಮ ಬಂದು ನೆರಿಗೆ ಮೇಲೆತ್ತಿ ನನ್ನ ಕಾಲು ನೋಡಿದ್ದರು. ಕಡಗಗಳು ಫಳಫಳ ಹೊಳೆಯುತ್ತಿದ್ದವು. "ಇದು ಅವ್ವನದಲ್ಲ" ಎಂದರು. ಅಮ್ಮ, "ತೊಳೆದಿದ್ದೀನಿ, ಅದಕ್ಕೇ ಹಾಗೆ ಕಾಣುತ್ತೆ" ಎಂದಳು. "ತೊಳೆದ್ರೆ ಹೊಳೆಯುತ್ತೆ ಅಕ್ಕಾ, ಹೊಸದಾಗಲ್ಲ" ಎಂದರು ಚಿಕ್ಕಮ್ಮ. ಕೋಣೆಯಲ್ಲಿ ಹತ್ತು ಹನ್ನೆರಡು ಹೆಂಗಸರಿದ್ದರು. ಎಲ್ಲರೂ ನನ್ನ ಕಾಲನ್ನೇ ನೋಡಿದರು. ನಾನು ಬಾಯಿ ಬಿಡಲಿಲ್ಲ. ಅಂದಿನಿಂದ ಅಕ್ಕತಂಗಿಯರ ಮಾತು ನಿಂತಿತು. ಅಕ್ಕ ಅವ್ವನ ಬೆಳ್ಳಿ ಕರಗಿಸಿದಳು ಎನ್ನುವುದು ಮೂಡಿಗೆರೆಯಿಂದ ಕಳಸದವರೆಗೆ ನಮ್ಮ ನೆಂಟರ ಮನೆಗಳಲ್ಲೆಲ್ಲ ಗೊತ್ತಿರುವ ವಿಷಯವಾಯಿತು. ಅಮ್ಮ ಹೋದ ಮೇಲೂ ಅದು ಹೋಗಲಿಲ್ಲ. ಕಳೆದ ವರ್ಷ ಜಾವಳಿಯಲ್ಲಿ ಒಂದು ನಾಮಕರಣದ ಮನೆಯಲ್ಲಿ, ನನ್ನ ಗುರುತೇ ಇಲ್ಲದ ಹುಡುಗಿಯೊಬ್ಬಳು, "ನೀವು ಆ ಕಡಗದ ಮನೆಯವರಾ?" ಎಂದು ಕೇಳಿದ್ದಳು.

ಫೋನು ಇಟ್ಟ ಮೇಲೆ ನಾನು ಕೆಲಸಕ್ಕೆ ವಾಪಸು ಹೋಗಲಿಲ್ಲ. ಒಳಗೆ ಹೋದೆ, ಬೀರು ತೆಗೆದೆ, ಮುಚ್ಚಿದೆ, ಹೊರಗೆ ಬಂದೆ. ನನ್ನ ಹೆದರಿಕೆಗೆ ಕಾರಣ ಚಿಕ್ಕಮ್ಮನಲ್ಲ. ಯಾರಿಗೂ ಹೇಳದ ಒಂದು ನೆನಪು.

ನನಗೆ ಆರು ವರ್ಷವಿರಬಹುದು. ಅಮ್ಮನ ಜೊತೆ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿದ್ದೇನೆ. ಅಮ್ಮನ ಮಡಿಲಲ್ಲಿ ಒಂದು ಬಟ್ಟೆಯ ಗಂಟು. ಕತ್ತಲು ಕತ್ತಲಾದ ಒಂದು ಅಂಗಡಿ. ಕುಳಿತವನು ಗಂಟಿನೊಳಗಿನದನ್ನು ಮೂಸೆಗೆ ಹಾಕುತ್ತಾನೆ, ಊದುತ್ತಾನೆ, ಸ್ವಲ್ಪ ಹೊತ್ತಿಗೆ ಅದು ನೀರಿನಂತೆ ಅಲುಗುತ್ತದೆ. ಅಮ್ಮ ನನ್ನ ಮುಖವನ್ನು ತನ್ನ ಸೆರಗಿಗೆ ಒತ್ತಿ ಹಿಡಿಯುತ್ತಾಳೆ. ಗಂಟಿನಲ್ಲಿ ಎರಡು ಕಡಗಗಳಿದ್ದವು.

ಇದ್ದವಾ?

ನನ್ನ ಹಳೆಯ ಡೈರಿಗಳೆಲ್ಲ ಒಂದು ಟ್ರಂಕಿನಲ್ಲಿವೆ. ಅವತ್ತು ಮಧ್ಯಾಹ್ನ ಅವನ್ನು ನೆಲದ ಮೇಲೆ ಹರಡಿಕೊಂಡು ಹುಡುಕಿದೆ. ಮೂಸೆಯ ನೆನಪು ಮೊದಲು ಕಾಣಿಸುವುದು ಮದುವೆಯಾದ ಮೂರು ತಿಂಗಳಿಗೆ, ಅಂದರೆ ಚಿಕ್ಕಮ್ಮ ಆ ಮಾತು ಆಡಿದ ಮೇಲೆ. ಅದಕ್ಕೂ ಐದು ವರ್ಷ ಹಿಂದೆ, ಹಾಸ್ಟೆಲಿನಲ್ಲಿ ಕೂತು ಬಾಲ್ಯದ ಬಗ್ಗೆ ಬರೆದ ಪುಟಗಳಲ್ಲಿ ಚಿಕ್ಕಮಗಳೂರಿನ ಪ್ರಯಾಣ ಇದೆ. ಅಲ್ಲಿ ಮಸಾಲೆದೋಸೆ ಇದೆ, ಹಸಿರು ಫ್ರಾಕು ಇದೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡದ್ದಿದೆ. ಬೆಳ್ಳಿ ಇಲ್ಲ. ಹಾಗಾದರೆ ಆ ಅಂಗಡಿ ನಾನು ಕಂಡದ್ದಾ, ಚಿಕ್ಕಮ್ಮನ ಮಾತಿನಿಂದ ಕಟ್ಟಿಕೊಂಡದ್ದಾ? ಕಡಗವನ್ನೇ ಕೇಳುವುದು ಮೇಲು ಅನ್ನಿಸಿತು.

ಮಾರನೆಯ ದಿನ ಚಿಕ್ಕಮಗಳೂರಿಗೆ ಹೊರಡುವ ಮೊದಲು, ಕಡಗಗಳನ್ನು ಅಂಟುವಾಳಕಾಯಿಯ ನೊರೆಯಲ್ಲಿ ನೆನೆಸಿ, ಹುಣಸೆಹಣ್ಣು ಹಚ್ಚಿ, ಹಳೆಯ ಬ್ರಷ್ಷಿನಲ್ಲಿ ಸಂದಿಸಂದಿಯನ್ನೂ ತಿಕ್ಕಿ ತೊಳೆದೆ. ನಮ್ಮ ಮನೆಯಿಂದ ಬೆಳ್ಳಿ ಹೊರಗೆ ಹೋಗುವುದಾದರೆ, ಪಕ್ಕದ ಮನೆಗೆ ಎರವಲು ಕೊಡುವ ಕುಂಕುಮದ ಬಟ್ಟಲಾದರೂ ಸರಿ, ತೊಳೆಯದೆ ಕೊಡುವ ಪದ್ಧತಿಯಿಲ್ಲ. ಕೊಳೆ ನೋಡಿದವರು ಮನೆಯ ಹೆಂಗಸಿನ ಬಗ್ಗೆ ಏನು ಅಂದುಕೊಂಡಾರು ಎನ್ನುವುದು ಅಮ್ಮನ ಚಿಂತೆ. ಕೈ ತನ್ನಷ್ಟಕ್ಕೆ ಆ ಕೆಲಸ ಮಾಡಿ ಮುಗಿಸಿತು.

ಮಾರ್ಕೆಟ್ ರಸ್ತೆಯ ಹಿಂದಿನ ಓಣಿಯಲ್ಲಿ ಒಬ್ಬ ವಯಸ್ಸಾದ ಬೆಳ್ಳಿ ಕೆಲಸದವರಿದ್ದಾರೆಂದು ನಮ್ಮ ಮನೆಯವರು ವಿಚಾರಿಸಿ ತಿಳಿದಿದ್ದರು. ಅವರು ಹೊಸ ಒಡವೆ ಮಾಡುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು; ರಿಪೇರಿ ಮಾತ್ರ. ಕಡಗಗಳನ್ನು ಬಟ್ಟೆಯಿಂದ ಬಿಡಿಸಿ ಮುಂದಿಟ್ಟೆ. ಅವರು ಮುಟ್ಟಲೇ ಇಲ್ಲ. ನನ್ನ ಮುಖ ನೋಡಿದರು.

"ಯಾವಾಗ ತೊಳೆದ್ರಿ ಅಮ್ಮಾ?"

"ಬೆಳಗ್ಗೆ."

"ಅದರ ಜಾತಕ ಇದ್ದದ್ದೇ ಆ ಕಪ್ಪಿನಲ್ಲಿ. ಜಾತಕ ತೊಳೆದು, ಒರೆಸಿ, ಬರೀ ಮಗೂನ ತಂದು ಎಷ್ಟು ವರ್ಷ ಹೇಳಿ ಅಂತೀರಿ."

"ಗೊತ್ತಾಗಲಿಲ್ಲ."

"ಯಾರಿಗೂ ಗೊತ್ತಾಗಲ್ಲ ಬಿಡಿ. ಬರೋರೆಲ್ಲ ಹೀಗೇ ತೊಳೆದೇ ತರ್ತಾರೆ. ಡಾಕ್ಟರ ಹತ್ರ ಹೋಗೋ ಮುಂಚೆ ಸ್ನಾನ ಮಾಡ್ಕೊಂಡು ಹೋದಂಗೆ."

ನನಗೆ ಅಲ್ಲೇ ಎದ್ದು ಹೋಗಬೇಕೆನ್ನಿಸಿತು. ಅವರು ಅಷ್ಟರಲ್ಲಿ ಒಂದು ಕಡಗವನ್ನು ಎತ್ತಿಕೊಂಡು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಬಾಗಿಲ ಬೆಳಕಿಗೆ ತಿರುಗಿದ್ದರು.

ಕಡಗದ ಸುತ್ತಲೂ ಮೊಗ್ಗಿನ ಸಾಲು, ಒಂದು ಕಡೆ ತಿರುಪು. ತಿರುಪಿನಿಂದ ಎಣಿಸಿದರೆ ಏಳನೆಯ ಮತ್ತು ಎಂಟನೆಯ ಮೊಗ್ಗು ಚಪ್ಪಟೆಯಾಗಿ, ನಡುವೆ ಉಗುರು ಕೂರುವಷ್ಟು ನೆಗ್ಗು. ಎರಡು ಕಡಗದಲ್ಲೂ ಇದೆ. ಅದರ ಕತೆಯನ್ನು ಅಮ್ಮ ಹೇಳುತ್ತಿದ್ದಳು: ಅಜ್ಜಿ ದೇವರಮನೆ ಬೆಟ್ಟದ ಗುಡಿಗೆ ಹೋದಾಗ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದು ಎರಡು ಕಾಲಿನ ಕಡಗವೂ ಕಲ್ಲಿಗೆ ಬಡಿದವಂತೆ. ನನಗೆ ಆ ಗುರುತಿನ ಮೇಲೆ ಪ್ರೀತಿ. ಬೆಳ್ಳಿ ಕೆಲಸದವರಿಗೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. "ನೋಡಿ, ಎರಡಕ್ಕೂ ಒಂದೇ ಜಾಗದಲ್ಲಿ ಪೆಟ್ಟು."

ಅವರು ಗಾಜು ತೆಗೆದರು. "ಒಂದೇ ಜಾಗದಲ್ಲಿ?"

"ಹೌದು. ಏಳು, ಎಂಟನೇ ಮೊಗ್ಗು."

"ಅಮ್ಮಾ, ಬಿದ್ದವರ ಎರಡೂ ಮೊಣಕಾಲಿಗೆ ಗಾಯ ಆಗಬಹುದು. ಆದರೆ ಎರಡು ಗಾಯಾನೂ ಅಚ್ಚು ಹೊಡೆದಂಗೆ ಒಂದೇ ಥರ ಇರಲ್ಲ."

ಆಮೇಲೆ ಅವರು ತೋರಿಸಿದ್ದನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮೊದಲು ತಿರುಪುಗಳನ್ನು ಬಿಚ್ಚಿ, ಕಾಗದದ ಪಟ್ಟಿಯೊಂದನ್ನು ಕಡಗದ ಒಳಸುತ್ತಿಗೆ ಹಿಡಿದು ಗೆರೆ ಎಳೆದರು. ಅದೇ ಪಟ್ಟಿಯನ್ನು ಇನ್ನೊಂದಕ್ಕೆ ಹಿಡಿದರೆ ಗೆರೆ ಕೂಡಲಿಲ್ಲ. ಉಗುರಿನ ದಪ್ಪದಷ್ಟು ಸಣ್ಣದು. ಇದ್ದ ಒಡವೆಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಬೆಳ್ಳಿ ಆರುವಾಗ ಕುಗ್ಗುತ್ತದೆಯಂತೆ. ನಕಲು ಯಾವತ್ತೂ ಮೂಲಕ್ಕಿಂತ ಒಂದು ಕೂದಲು ಚಿಕ್ಕದು. ದೊಡ್ಡದರಲ್ಲಿ ಮೊಗ್ಗಿನ ಗೆರೆಗಳು ಉಳಿಯಿಂದ ಕಡಿದವು. ಸವೆದಿದ್ದರೂ ಗೆರೆಯ ತಳ ಚೂಪಾಗಿದೆ. ಚಿಕ್ಕದರಲ್ಲಿ ಅದೇ ಗೆರೆಗಳ ತಳ ದುಂಡಗೆ, ಅಲ್ಲಲ್ಲಿ ಸೂಜಿಮೊನೆಯಂಥ ತೂತು. ದೊಡ್ಡದರ ಒಳಮೈ ಕಾಲಿಗೆ ಉಜ್ಜಿ ಉಜ್ಜಿ ಬೆಣ್ಣೆಯಾಗಿದೆ. ಚಿಕ್ಕದರ ಒಳಮೈಯಲ್ಲಿ ಅರದ ಗೀರು ಹಾಗೇ ಇವೆ. ಕೊನೆಗೆ ಎರಡನ್ನೂ ಒರೆಗಲ್ಲಿಗೆ ತಿಕ್ಕಿ, ಆಸಿಡ್ ಮುಟ್ಟಿಸಿ, ಎರಡು ಬಣ್ಣ ತೋರಿಸಿದರು. ಚಿಕ್ಕದರಲ್ಲಿ ತಾಮ್ರ ಹೆಚ್ಚು.

"ಒಂದು ಹಳೇದು. ಇನ್ನೊಂದು ಇದನ್ನ ನೋಡಿ ಮಾಡಿದ್ದೂ ಅಲ್ಲ, ಇದರ ಮೈಯಿಂದಲೇ ಅಚ್ಚು ತೆಗೆದದ್ದು. ಅದಕ್ಕೇ ನೆಗ್ಗೂ ಬಂದಿದೆ. ಕೆಲಸದವನು ಕೆಟ್ಟವನಲ್ಲ. ಆದರೆ ನೆಗ್ಗು ತುಂಬಬೇಕು ಅಂತ ಅವನಿಗೆ ಹೊಳೆದಿಲ್ಲ, ಅಥವಾ ಹಾಗೇ ಇರಲಿ ಅಂತ ಯಾರೋ ಹೇಳಿದ್ದಾರೆ."

"ಹಳೇದು ಎಷ್ಟು ವರ್ಷದ್ದು?"

"ನೂರು ಅನ್ನಬೇಕಾ? ಎಲ್ಲರೂ ನೂರು ಕೇಳ್ತಾರೆ." ಅವರು ಕಡಗದ ಒಳಮೈ ಸವರಿದರು. "ಮೂರು ಹೆಂಗಸರ ಕಾಲು ನೋಡಿದೆ ಇದು. ಎರಡಕ್ಕೆ ಇಷ್ಟು ಸವೆಯಲ್ಲ."

"ಎಲ್ಲಿಯದು? ಘಟ್ಟದ ಕೆಳಗಿಂದ ಬಂದದ್ದು ಅಂತ ಅಮ್ಮ ಹೇಳೋಳು."

"ಕೆಳಗಿನವರದ್ದು ಮೊಗ್ಗು ಹೀಗೆ ಒತ್ತೊತ್ತಾಗಿ ಇರಲ್ಲ. ಈ ಮೇಲಿನ ಸೀಮೆಯದೇ. ಕುಯ್ಲು ಮುಗಿದ ಮೇಲೆ ಮನೆಮನೆಗೆ ಬಂದು, ಅಂಗಳದಲ್ಲೇ ತಿದಿ ಹೂಡಿ ಮಾಡ್ಕೊಡ್ತಿದ್ರು. ಊರು ಯಾವುದು ಅಂತ ಹೇಳಿದ್ರೆ ಅದು ನಾನು ಹೇಳೋ ಸುಳ್ಳು."

ನನಗೆ ಬೇಕಿದ್ದ ಪ್ರಶ್ನೆ ಕೊನೆಗೆ ಬಂತು. "ನಕಲು ಮಾಡಿದ್ದು ಯಾವಾಗ? ನಲವತ್ತು ವರ್ಷದ ಹಿಂದೆಯಾ, ಇಪ್ಪತ್ತೈದು ವರ್ಷದ ಹಿಂದೆಯಾ?"

"ಸಂದಿಯಲ್ಲಿ ಕಪ್ಪು ಎಷ್ಟು ಕೂತಿತ್ತು ನೋಡಿದ್ರೆ ಅಂದಾಜು ಹೇಳಬಹುದಿತ್ತು" ಎಂದರು, ನನ್ನ ಕೈಯನ್ನು ನೋಡುತ್ತ. ಬೆರಳುಗಳಲ್ಲಿ ಇನ್ನೂ ಹುಣಸೆಯ ವಾಸನೆಯಿತ್ತು.

ನಲವತ್ತು ಎಂದಿದ್ದರೆ ನನ್ನ ನೆನಪಿಗೆ ನಿಲ್ಲಲು ಒಂದು ಕಾಲು ಸಿಗುತ್ತಿತ್ತು. ಇಪ್ಪತ್ತೈದು ಎಂದಿದ್ದರೆ ಅಮ್ಮ ನನ್ನ ಮದುವೆಗೆಂದೇ ಮಾಡಿಸಿದಳೆಂದು ತಿಳಿಯುತ್ತಿತ್ತು. ಆ ಉತ್ತರವನ್ನು ನಾನೇ ಬಚ್ಚಲಿಗೆ ಹರಿಸಿ ಬಂದಿದ್ದೆ.

ಬಸ್ಸಿನಲ್ಲಿ ಮೂಡಿಗೆರೆ ಮುಟ್ಟುವ ತನಕ ಲೆಕ್ಕಾಚಾರ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಚಿಕ್ಕಮ್ಮನ ಕಣ್ಣು ಮಂಜಾಗಿದೆ, ಎರಡು ಸಲ ಆಪರೇಷನ್ ಆಗಿದೆ. ಎರಡೂ ಅವ್ವನದೇ ಎಂದರೆ ಮುಗಿಯಿತು. ನಕಲನ್ನು ಅವರ ಕೈಗಿಟ್ಟು ಹಳೆಯದನ್ನು ಉಳಿಸಿಕೊಂಡರೂ ಅವರಿಗೆ ತಿಳಿಯುವುದಿಲ್ಲ. ಅಮ್ಮನ ಹೆಸರು ಒಂದೇ ಮಾತಿನಲ್ಲಿ ಚೊಕ್ಕವಾಗುತ್ತದೆ. ಒಂದು ನಕಲು ಎಂದು ಹೇಳಿದರೋ, ಚಿಕ್ಕಮ್ಮ ಇಷ್ಟು ವರ್ಷ ಹೇಳಿದ್ದರಲ್ಲಿ ಅರ್ಧ ನಿಜವಾಗುತ್ತದೆ. ಅರ್ಧ ನಿಜ ನೆಂಟರ ಬಾಯಲ್ಲಿ ಪೂರ್ತಿಯಾಗಲು ಎಷ್ಟು ಹೊತ್ತು ಬೇಕು? ಮೂಡಿಗೆರೆಯಲ್ಲಿ ಇಳಿಯುವ ಹೊತ್ತಿಗೆ ಸುಳ್ಳು ಹೇಳುವುದೆಂದು ತೀರ್ಮಾನಿಸಿದ್ದೆ. ಮನೆಗೆ ಬರುವಷ್ಟರಲ್ಲಿ ಬೇಡವೆನ್ನಿಸಿತ್ತು. ಊಟಕ್ಕೆ ಕೂತಾಗ ಮತ್ತೆ ಸುಳ್ಳನ್ನೇ ಹೇಳಿಬಿಡೋಣ ಅನ್ನಿಸಿತು. ನಮ್ಮ ಮನೆಯವರು, "ಒಂದು ಕಡೆ ಕೂತ್ಕೋ ಮಾರಾಯ್ತಿ, ತಟ್ಟೆ ಹಿಡ್ಕೊಂಡು ಮನೆಯೆಲ್ಲ ತಿರುಗ್ತಿದ್ದೀಯ" ಎಂದರು.

ಎರಡು ದಿನ ಹಾಗೇ ಕಳೆದು, ಮೂರನೆಯ ದಿನ ಕೊಟ್ಟಿಗೆಹಾರದ ಮೇಲೆ ಕಳಸದ ಬಸ್ಸು ಹಿಡಿದೆ.

ಚಿಕ್ಕಮ್ಮನ ಮಗನ ಮನೆ ಪೇಟೆಯಲ್ಲೇ, ಕೆಳಗೆ ಅವನ ಮೆಣಸು, ಅಡಿಕೆ ವ್ಯಾಪಾರದ ಅಂಗಡಿ, ಮೇಲೆ ವಾಸ. ಜೀಪುಗಳ ಹಾರನ್ನು ನಡುಮನೆಯೊಳಗೇ ಕೇಳುತ್ತದೆ. ಮನೆಯವರೆಲ್ಲ ಲಗ್ನಪತ್ರಿಕೆ ಹಂಚಲು ಹೋಗಿದ್ದರು. ಚಿಕ್ಕಮ್ಮ ಒಬ್ಬರೇ ಕುರ್ಚಿಯಲ್ಲಿ ಕೂತು ಮಡಿಲ ತುಂಬ ಅರಿಶಿನದ ಕೊಂಬು ಹಾಕಿಕೊಂಡು ಆರಿಸುತ್ತಿದ್ದರು.

"ದಪ್ಪ ಆಗಿದ್ದೀಯ" ಎಂದರು.

"ನೀವು ಸಣ್ಣ ಆಗಿದ್ದೀರಿ."

"ಮತ್ತೆ? ಯಾವುದಾದ್ರೂ ಒಂದು ಕಡೆಯಿಂದ ಕಮ್ಮಿ ಆಗ್ಬೇಕಲ್ಲ. ತಾ ಇಲ್ಲಿ."

ಕಡಗಗಳನ್ನು ಅವರ ಕೈಗಿಟ್ಟೆ. ಅವರು ಕಣ್ಣಿನ ಹತ್ತಿರ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಮೊಗ್ಗುಗಳನ್ನು ಒಂದೊಂದಾಗಿ ಸವರುತ್ತ ಹೋದರು. ನೆಗ್ಗಿನ ಮೇಲೆ ಬೆರಳು ನಿಂತಿತು. ಇನ್ನೊಂದನ್ನು ಎತ್ತಿಕೊಂಡರು. ಅಲ್ಲೂ ನಿಂತಿತು. ಮತ್ತೆ ಮೊದಲನೆಯದಕ್ಕೆ ಹೋದರು.

"ಇದೇನೇ ಇದು, ಎರಡಕ್ಕೂ ಇದೆ?"

"ಅಜ್ಜಿ ದೇವರಮನೆಯಲ್ಲಿ ಬಿದ್ದಾಗ..."

"ಯಾವ ದೇವರಮನೆ? ಯಾರು ಹೇಳಿದ್ದು?"

"ಅಮ್ಮ."

"ನಿನ್ನಮ್ಮ ಆಗ ಗಂಡನ ಮನೆಯಲ್ಲಿದ್ಲು, ಅವಳಿಗೇನು ಗೊತ್ತು. ಮನೆಖರ್ಚಿಗೆ ಕಾಫಿ ಕುಟ್ತಿದ್ವಿ, ಒರಳಿನ ಆ ಕಡೆ ಅವ್ವ, ಈ ಕಡೆ ನಾನು. ಒನಕೆ ಕೈ ಜಾರಿ ಅವ್ವನ ಎಡಗಾಲಿನ ಮೇಲೆ ಬಿತ್ತು. ಎಡಗಾಲು ಮಾತ್ರ. ಕಡಗ ಇಲ್ದಿದ್ರೆ ಮೂಳೆ ಮುರೀತಿತ್ತು."

"ನಿಮಗೆ ಸರಿಯಾಗಿ ನೆನಪಿದೆಯಾ ಚಿಕ್ಕಮ್ಮ? ಬಹಳ ವರ್ಷ ಆಯ್ತು."

"ಬಿದ್ದಿದ್ದು ನನ್ನ ಒನಕೆ ಕಣೇ" ಎಂದರು. "ಮರೀತೀನಾ? ನೀವು ಓದಿದವರು ಎಲ್ಲಾನೂ ಅನುಮಾನ ಮಾಡ್ತೀರಿ."

ಸುಳ್ಳಿಗೆ ಇನ್ನು ಜಾಗವಿರಲಿಲ್ಲ. ಜಾಗವಿದ್ದಿದ್ದರೆ ಹೇಳುತ್ತಿದ್ದೆನೋ ಏನೋ, ನನಗೆ ಖಾತ್ರಿಯಿಲ್ಲ. ಬೆಳ್ಳಿ ಕೆಲಸದವರು ಹೇಳಿದ್ದನ್ನೆಲ್ಲ ಹೇಳಿದೆ. ಒಂದು ಹಳೆಯದು, ಅಜ್ಜಿಯ ಎಡಗಾಲಿನದು. ಇನ್ನೊಂದು ಅದರ ಅಚ್ಚು. ಬಲಗಾಲಿನದು ಎಲ್ಲಿ ಹೋಯಿತೋ ಗೊತ್ತಿಲ್ಲ. ಅದು ಇಲ್ಲದ್ದಕ್ಕೇ ಎಡಗಾಲಿನದರಿಂದ ಅಚ್ಚು ತೆಗೆಸಬೇಕಾಯಿತು. ಎರಡು ನೆಗ್ಗಿಗೆ ಕಾರಣ ಬೇಕಾಗಿ ದೇವರಮನೆಯ ಕತೆ ಹುಟ್ಟಿತು. ಆಮೇಲೆ, ನಿಲ್ಲಿಸಲಾಗದೆ, ಮೂಸೆಯ ನೆನಪನ್ನೂ ಹೇಳಿದೆ. ಡೈರಿಯಲ್ಲಿ ಅದು ಇಲ್ಲದ್ದನ್ನೂ ಹೇಳಿದೆ.

ಚಿಕ್ಕಮ್ಮ ಅರಿಶಿನದ ಕೊಂಬನ್ನು ಮಡಿಲಿನಿಂದ ಬುಟ್ಟಿಗೆ ಹಾಕಿದರು.

"ನಿನ್ನಮ್ಮನ ಬೆಳ್ಳಿ ಚೊಂಬು ಎಲ್ಲಿದೆ?"

"ಯಾವ ಚೊಂಬು?"

"ಅವಳ ಮದುವೆಗೆ ಅಪ್ಪಯ್ಯ ಕೊಟ್ಟಿದ್ದು. ತಂತಿ ಸುತ್ತಿದ ಕತ್ತು ಇತ್ತು."

ನಾನು ಆ ಮನೆಯಲ್ಲಿ ಇಪ್ಪತ್ತಮೂರು ವರ್ಷ ಇದ್ದವಳು. ಅಂಥ ಚೊಂಬನ್ನು ನೋಡಿಲ್ಲ.

"ಹಾಗಾದ್ರೆ ಅದನ್ನೇ ಕರಗಿಸಿರ್ತಾಳೆ. ಕಡಗ ಕಳಕೊಂಡ್ಲು, ಚೊಂಬು ಕೊಟ್ಟು ಅದನ್ನ ಮಾಡಿಸಿದ್ಲು."

ಎಷ್ಟು ಚೆನ್ನಾಗಿ ಕೂಡುತ್ತದೆ! ತಕ್ಷಣ ನನ್ನ ನೆನಪಿನ ಗಂಟಿನೊಳಗೆ ಎರಡು ಕಡಗಗಳ ಜಾಗದಲ್ಲಿ ಒಂದು ಚೊಂಬು ಬಂದು ಕೂತುಬಿಟ್ಟಿತು. ಕತ್ತಿನ ತಂತಿ ಸಹಿತ. ನಾನು ಕಂಡಿರದ ಚೊಂಬು. ನನಗೆ ನನ್ನ ಮೇಲೇ ಸಿಟ್ಟು ಬಂತು.

"ಹಾಗೆ ಹೇಳಕ್ಕಾಗಲ್ಲ ಚಿಕ್ಕಮ್ಮ. ಬೇರೆ ಏನಾದ್ರೂ ಆಗಿರಬಹುದು. ಬಲಗಾಲಿನದನ್ನ ಅಮ್ಮನೇ ಕರಗಿಸಿದ್ರೂ ಕರಗಿಸಿರಬಹುದು, ಗೊತ್ತಿಲ್ಲ."

"ನೀನು ಅವಳ ಮಗಳೋ, ಪೊಲೀಸೋ?" ಎಂದು ಚಿಕ್ಕಮ್ಮ ಗದರಿದರು. "ಕಳಕೊಂಡು ನನಗೆ ಹೇಳಲಿಲ್ಲ. ಹೇಳಿದ್ರೆ ಬೈತಾಳೆ ಅಂತ."

"ಬೈತಿದ್ರಾ?"

"ಬೈತಿದ್ದೆ. ಒಂದು ವಾರ ಬೈತಿದ್ದೆ." ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡರು. "ಒಂದು ವಾರ. ಅಷ್ಟೇ."

ಕೆಳಗೆ ಅಂಗಡಿಯ ಮುಂದೆ ಯಾರೋ ಮೂಟೆ ಇಳಿಸುತ್ತಿದ್ದರು. ಚಿಕ್ಕಮ್ಮ ಕಡಗಗಳಲ್ಲಿ ಹಳೆಯದನ್ನು ಬೆರಳಿನಿಂದಲೇ ಗುರುತು ಹಿಡಿದು ತೊಡೆಯ ಪಕ್ಕ ಇಟ್ಟುಕೊಂಡರು. ಇನ್ನೊಂದನ್ನು ನನಗೆ ಕೊಟ್ಟರು. "ಅವ್ವನದು ನನಗೆ, ನಿನ್ನಮ್ಮನದು ನಿನಗೆ. ಧಾರೆ ದಿನ ತಗೊಂಡು ಬಾ. ಒಂಟಿ ಕಡಗ ಹಾಕ್ಕೊಂಡು ಹುಡುಗಿ ಮಣೆ ಮೇಲೆ ನಿಲ್ಲಕ್ಕಾಗುತ್ತಾ?"

ನಾನು ಎದ್ದೆ, ಕೂತೆ. ಬಂದ ಕೆಲಸ ಇಷ್ಟೇ ಅಲ್ಲ; ಅಮ್ಮನ ಹೆಸರಿನ ಮಾತು ಉಳಿದಿತ್ತು.

"ಚಿಕ್ಕಮ್ಮ, ನೀವು ಎಲ್ಲರ ಹತ್ರ ಹೇಳಿದ್ರಿ, ಅಮ್ಮ ಜೊತೆಯನ್ನೇ ಕರಗಿಸಿದ್ಲು ಅಂತ. ಈಗ ಅದು ಹಾಗಲ್ಲ ಅಂತಾನೂ ಹೇಳ್ತೀರಾ?"

"ಕೇಳಿದವರಿಗೆ ಹೇಳ್ತೀನಿ."

"ಯಾರು ಕೇಳ್ತಾರೆ ಈಗ? ಎಲ್ಲರೂ ಗೊತ್ತಿದೆ ಅಂದ್ಕೊಂಡಿದ್ದಾರೆ."

ಅವರು ನನ್ನ ಕಡೆ ಮುಖ ತಿರುಗಿಸಿದರು. ಮಂಜುಗಣ್ಣು ನನ್ನ ಮುಖದಲ್ಲಿ ಎಲ್ಲಿ ನೋಡುತ್ತಿತ್ತೋ ತಿಳಿಯಲಿಲ್ಲ. "ನೀನೇ ಕೇಳು. ನಾನಾಗೇ ಬಾಯಿ ಬಿಟ್ಟು ಹೇಳು ಅಂದ್ರೆ ನನ್ನಿಂದ ಆಗಲ್ಲ, ಈ ವಯಸ್ಸಲ್ಲಿ. ನೀನು ಮದುವೆಮನೆಯಲ್ಲಿ ಎಲ್ಲರ ಎದುರು ಕೇಳು. ಹೇಳ್ತೀನಿ."

ಅದಾಗಿ ಆರು ದಿನ. ಡೈರಿಯಲ್ಲಿ ಆ ಪ್ರಶ್ನೆಯನ್ನು ಬರೆಯುತ್ತೇನೆ, ಹೊಡೆದು ಹಾಕುತ್ತೇನೆ. 'ಅಮ್ಮ ಅಜ್ಜಿಯ ಬೆಳ್ಳಿ ಕರಗಿಸಿದಳಾ?' ಎಂದು ಕೇಳುವಂತಿಲ್ಲ. ಅದಕ್ಕೆ ನಮ್ಮಿಬ್ಬರಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲ. ಗೊತ್ತಿರುವಷ್ಟನ್ನು ಮಾತ್ರ ಕೇಳಬೇಕು. ಒಂದು ಅಜ್ಜಿಯದೇ ಅಲ್ಲವಾ, ಅಮ್ಮ ಅದನ್ನು ಕೊನೆಯವರೆಗೂ ಇಟ್ಟುಕೊಂಡಿದ್ದಳಲ್ಲವಾ ಎಂದು. ಬರೆದದ್ದು ಸರಿಯಿದೆ ಅನ್ನಿಸಿದಾಗ ಇನ್ನೊಂದು ಭಯ: ಆ ಗದ್ದಲದಲ್ಲಿ, ಅಷ್ಟು ಜನರ ನಡುವೆ, ನನ್ನ ದನಿ ಹೊರಡುತ್ತದಾ? ನನ್ನ ಮದುವೆಯ ಕೋಣೆಯಲ್ಲಿ ಹೊರಡಲಿಲ್ಲವಲ್ಲ.

ನಿನ್ನೆ ತಡೆಯಲಾರದೆ ಫೋನು ಮಾಡಿದೆ. ಯಾವ ಹೊತ್ತಿಗೆ ಕೇಳಲಿ, ಧಾರೆಗೆ ಮುಂಚೆಯಾ, ಆಮೇಲಾ ಎಂದೆ.

ಚಿಕ್ಕಮ್ಮ ಯೋಚನೆ ಮಾಡಿದರು. "ಧಾರೆ ಮುಗೀಲಿ. ಊಟಕ್ಕೆ ಏಳೋ ಮುಂಚೆ ಕೇಳು" ಎಂದರು. "ಊಟ ಆದ್ಮೇಲೆ ಯಾರೂ ಕೂರಲ್ಲ. ಮತ್ತೆ ನೋಡು, ಗಟ್ಟಿಯಾಗಿ ಕೇಳು. ನನಗೆ ಈಗ ಕಿವೀನೂ ಸರಿಯಾಗಿ ಕೇಳಲ್ಲ."